ಗ್ರೆನಡಾದಲ್ಲಿ ಒಂದು ದಿನ: ಹಡಗಿನ ಟೂರ್, ಟ್ಯಾಕ್ಸಿ, ಇಲ್ಲಾ ಒಂದನೇ ನಂಬರ್ ಬಸ್ಸು?

ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ ದೇಶ ಗ್ರೆನಡಾಕ್ಕೆ ನಾನು ಎರಡು ಸಲ ಹೋಗಿದ್ದೇನೆ. ಎರಡೂ ಸೇರಿಸಿದರೆ ಆ ನೆಲದ ಮೇಲೆ ನಾನಿದ್ದದ್ದು ಹತ್ತೊಂಬತ್ತು ಗಂಟೆ. ಕ್ರೂಸ್ ಹಡಗಿನಲ್ಲಿ ಹೋದರೆ ಅಷ್ಟೇ. ಬೆಳಿಗ್ಗೆ ಎಂಟಕ್ಕೆ ಇಳಿಸುತ್ತಾರೆ, ಸಂಜೆ ಐದೂವರೆಗೆ ಹತ್ತಿಸಿಕೊಳ್ಳುತ್ತಾರೆ. ಹಾಗಾಗಿ ಏನು ನೋಡುವುದು ಅನ್ನುವುದಕ್ಕಿಂತ ಹೇಗೆ ಸುತ್ತುವುದು ಅನ್ನುವುದೇ ದೊಡ್ಡ ಪ್ರಶ್ನೆ. ನಾನು ಮೂರು ರೀತಿ ಸುತ್ತಿ ನೋಡಿದ್ದೇನೆ.

2019ರಲ್ಲಿ ನಾವಿಬ್ಬರೇ, ನಾನು ಮತ್ತು ಹೆಂಡತಿ. ಆಗ ಹಡಗಿನವರೇ ಮಾರುವ ಟೂರ್ ತಗೊಂಡಿದ್ದೆವು. ಕಳೆದ ಚಳಿಗಾಲದಲ್ಲಿ ಶಿರಸಿಯಿಂದ ಅಪ್ಪ ಅಮ್ಮ ನ್ಯೂಜೆರ್ಸಿಗೆ ಬಂದಿದ್ದರು. ಅವರನ್ನೂ ಕರೆದುಕೊಂಡು ಪೋರ್ಟೊ ರಿಕೊದ ಸಾನ್ ಹ್ವಾನ್‌ನಿಂದ ಹೊರಡುವ ಹಡಗು ಹತ್ತಿದೆವು. ಆ ಸಲ ಬೆಳಿಗ್ಗೆ ಟ್ಯಾಕ್ಸಿ, ಮಧ್ಯಾಹ್ನ ಅವರನ್ನು ಹಡಗಿಗೆ ಬಿಟ್ಟು ನಾವಿಬ್ಬರು ಬಸ್ಸು.

ಮೊದಲು ಹಡಗಿನ ಟೂರ್. ತಲೆಗೆ 79 ಡಾಲರ್ ಕೊಟ್ಟಿದ್ದೆ. ಏಳೂಮುಕ್ಕಾಲಿಗೆ ಹಡಗಿನ ಥಿಯೇಟರಿನಲ್ಲಿ ಸೇರಬೇಕು. ಎದೆಗೆ ನಂಬರಿನ ಸ್ಟಿಕ್ಕರ್ ಅಂಟಿಸುತ್ತಾರೆ. ಆಮೇಲೆ ಒಬ್ಬರು ಕೋಲಿಗೆ ಅದೇ ನಂಬರಿನ ಹಲಗೆ ಸಿಕ್ಕಿಸಿಕೊಂಡು ಮುಂದೆ ನಡೆಯುತ್ತಾರೆ, ನಾವು ಹಿಂದೆ. ಶಾಲೆಯ ಪ್ರವಾಸವೇ ಅನ್ನಿ.

ಗೈಡ್ ಮಾತ್ರ ಬಹಳ ಚೆನ್ನಾಗಿದ್ದರು. ಬಸ್ಸು ಹತ್ತುವ ಮೊದಲೇ ನನ್ನ ಅರ್ಧ ಪ್ಯಾಂಟು ನೋಡಿ ನಕ್ಕರು. ಅದು ಹಸಿರು ಕಂದು ಬಣ್ಣ ಬಳಿದ ಮಿಲಿಟರಿ ಮಾದರಿಯದು. ಅಂಥದ್ದನ್ನು ಸೈನಿಕರಲ್ಲದವರು ಹಾಕಿಕೊಂಡರೆ ಇಲ್ಲಿ ಕಾನೂನಿಗೆ ವಿರುದ್ಧವಂತೆ. ಕೆರಿಬಿಯನ್ನಿನ ಹಲವು ದ್ವೀಪಗಳಲ್ಲಿ ಈ ನಿಯಮ ಇದೆ. ಓಡಿ ಹೋಗಿ ಬದಲಾಯಿಸಿಕೊಂಡು ಬಂದೆ. ಟ್ಯಾಕ್ಸಿಯಲ್ಲೋ ಬಸ್ಸಲ್ಲೋ ಹೊರಟಿದ್ದರೆ ಇದನ್ನು ಹೇಳುವವರು ಯಾರಿದ್ದರು?

ನೋಡಿದ್ದು ನಾಲ್ಕು ಜಾಗ. ಊರಿನ ಮೇಲಿನ ಫೋರ್ಟ್ ಫ್ರೆಡರಿಕ್ ಕೋಟೆ, ಆನಂಡೇಲ್ ಜಲಪಾತ, ಗ್ರ್ಯಾಂಡ್ ಎಟಾಂಗ್ ಕೆರೆ, ಒಂದು ಮಸಾಲೆ ಅಂಗಡಿ. ಕೋಟೆಯ ಮೇಲಿಂದ ರಾಜಧಾನಿ ಸೇಂಟ್ ಜಾರ್ಜಸ್‌ನ ಬಂದರು ಕುದುರೆ ಲಾಳದ ಹಾಗೆ ಕಾಣುತ್ತದೆ. ಗೈಡ್ ಅಲ್ಲಿ ನಿಂತು 1983ರ ಕಥೆ ಹೇಳಿದರು. ಅಕ್ಟೋಬರ್ 19ಕ್ಕೆ ಪ್ರಧಾನಿ ಮಾರಿಸ್ ಬಿಷಪ್ ಅವರನ್ನು ಕೆಳಗೆ ಕಾಣುವ ಫೋರ್ಟ್ ಜಾರ್ಜ್‌ನಲ್ಲಿ ಗುಂಡಿಟ್ಟು ಕೊಂದರು. ಆರೇ ದಿನಕ್ಕೆ ಅಮೆರಿಕದ ಸೈನ್ಯ ಬಂದಿಳಿಯಿತು. ನಮ್ಮ ಗೈಡ್ ಆಗಿನ್ನೂ ಹುಡುಗನಂತೆ, ಹೆಲಿಕಾಪ್ಟರ್ ಸದ್ದಿಗೆ ಮಂಚದ ಕೆಳಗೆ ನುಗ್ಗಿದ್ದನಂತೆ. ಆ ಹತ್ತು ನಿಮಿಷಕ್ಕೇ 79 ಡಾಲರ್ ಸಾರ್ಥಕ ಅನಿಸಿತ್ತು.

ಆಮೇಲಿನದ್ದಕ್ಕೆ ಹಾಗನಿಸಲಿಲ್ಲ. ಜಲಪಾತ ಸುಮಾರು ಮೂವತ್ತು ಅಡಿ ಎತ್ತರ, ಅಷ್ಟೇ. ಜೋಗ ನೋಡಿದವರು ಸುಮ್ನೆ ಮುಗುಳ್ನಕ್ಕು ಬರಬಹುದು. ಮೇಲಿಂದ ಹುಡುಗರು ಜಿಗಿದು ತೋರಿಸಿ ಟಿಪ್ಸ್ ಕೇಳುತ್ತಾರೆ. ಅಲ್ಲಿ ಒಂದು ಜೋಡಿ ನಾಪತ್ತೆಯಾಯಿತು. ಅವರಿಗಾಗಿ ನಲವತ್ತು ನಿಮಿಷ ಕಾದೆವು. ಆ ನಲವತ್ತು ನಿಮಿಷ ಎಲ್ಲಿಂದ ಕತ್ತರಿಸಿದರು ಹೇಳಿ? ಗ್ರ್ಯಾಂಡ್ ಎಟಾಂಗ್‌ನಿಂದ. ಅದು ಹಳೆಯ ಜ್ವಾಲಾಮುಖಿಯ ಬಾಯಲ್ಲಿ ನೀರು ನಿಂತು ಆದ ಕೆರೆ, ಸುತ್ತ ಮೋಡ ಇಳಿದ ಕಾಡು. ನಮ್ಮ ಪಾಲಿಗೆ ಬಂದದ್ದು ಹನ್ನೆರಡು ನಿಮಿಷ. ಮಸಾಲೆ ಅಂಗಡಿಗೆ ಮಾತ್ರ ಮುಕ್ಕಾಲು ಗಂಟೆ ಕೊಟ್ಟರು! ಅದು ಕತ್ತರಿಯಾಗಲಿಲ್ಲ, ಯಾಕೆ ಅಂತ ಬಿಡಿಸಿ ಹೇಳಬೇಕಾ?

ಆದರೆ ಒಂದು ಮಾತು. ಹಡಗಿನ ಟೂರಿನಲ್ಲಿ ನಾವು ಕೊಳ್ಳುವುದು ಬರೀ ಜಾಗಗಳನ್ನಲ್ಲ, ನೆಮ್ಮದಿಯನ್ನು. ಅವರ ಬಸ್ಸು ಕೆಟ್ಟು ನಿಂತರೆ ಹಡಗು ಕಾಯುತ್ತದೆ. ನಾವೇ ಹೋಗಿ ತಡವಾದರೆ ಜೆಟ್ಟಿಯಲ್ಲಿ ನಿಂತು ಕೈ ಬೀಸಬೇಕು.

ಇನ್ನು ಟ್ಯಾಕ್ಸಿ. ಜೆಟ್ಟಿಯಿಂದ ಹೊರಗೆ ಬಂದರೆ ಚಾಲಕರು ಮುತ್ತಿಕೊಳ್ಳುತ್ತಾರೆ. ಒರಟಾಗಿ ಅಲ್ಲ, ನಗುನಗುತ್ತಲೇ. ಇಲ್ಲಿ ಒಂದು ತಪ್ಪು ಮಾಡಿದ್ದೆ, ನೀವು ಮಾಡಬೇಡಿ. ಚಾಲಕ ‘ಐವತ್ತು’ ಅಂದ. ನಾನು ಕಾರಿಗೆ ಅಂದುಕೊಂಡೆ, ಅವನು ಹೇಳಿದ್ದು ತಲೆಗೆ. ಹತ್ತಿದ ಮೇಲೆ ಗೊತ್ತಾಯಿತು. ಕೊನೆಗೆ ನಾಲ್ಕು ಜನಕ್ಕೆ, ಐದು ಗಂಟೆಗೆ, ಒಟ್ಟು 180 ಅಮೆರಿಕನ್ ಡಾಲರಿಗೆ ಒಪ್ಪಿದ. ‘ಅಮೆರಿಕನ್’ ಅಂತ ಒತ್ತಿ ಹೇಳಲೇಬೇಕು. ಇಲ್ಲಿನ ದುಡ್ಡೂ ಡಾಲರೇ, ಪೂರ್ವ ಕೆರಿಬಿಯನ್ ಡಾಲರ್. ಒಂದು ಅಮೆರಿಕನ್ ಡಾಲರಿಗೆ 2.70. ಈ ದರ 1976ರಿಂದ ಅಲ್ಲಾಡಿಲ್ಲ. ಹಳೇ ಹಡಗಿನ ಟೂರ್ ಬೆಲೆಗೆ ಲೆಕ್ಕ ಹಾಕಿದರೂ ನಾಲ್ವರಿಗೆ 316 ಆಗುತ್ತಿತ್ತು.

ಈ ಚಾಲಕ ಅಮ್ಮನನ್ನು ಮೊದಲ ನಿಮಿಷದಿಂದಲೇ ‘ಮಮ್ಮಿ’ ಅಂದ. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಇಬ್ಬರೂ ದಿನವಿಡೀ ಮಾತಾಡಿದರು, ಹೇಗೆ ಅಂತ ನನಗೆ ಈಗಲೂ ಗೊತ್ತಿಲ್ಲ. ಅಪ್ಪ ಮುಂದಿನ ಸೀಟಿನಲ್ಲಿ ಕೂತು, ಎಡಗಡೆ ಗಾಡಿ ಓಡಿಸುವುದು ನೋಡಿ ‘ಇದು ಸರಿಯಾದ ದೇಶ’ ಅಂದರು.

ಪಶ್ಚಿಮ ತೀರದ ರಸ್ತೆ ಹಿಡಿದು ಗುಯಾವ್ ಊರಿನ ಕಡೆ ಹೊರಟೆವು. ಅಲ್ಲಿ ಜಾಯಿಕಾಯಿ ಸಂಸ್ಕರಿಸುವ ಹಳೆಯ ಕಟ್ಟಡ ಇದೆ. ದಾರಿಯಲ್ಲಿ ಅಮ್ಮ ಒಮ್ಮೆಲೇ ‘ನಿಲ್ಸು ನಿಲ್ಸು’ ಅಂದಳು, ಕನ್ನಡದಲ್ಲೇ. ಚಾಲಕ ನಿಲ್ಲಿಸಿದ! ಯಾರದೋ ಮನೆ ಹಿತ್ತಲಲ್ಲಿ ಜಾಯಿಕಾಯಿ ಮರ. ಹಳದಿ ಹಣ್ಣು ಅರ್ಧ ಬಿರಿದು ಒಳಗೆ ಕೆಂಪು ಜಾಪತ್ರೆ ಕಾಣುತ್ತಿತ್ತು. ನಮ್ಮ ಅಡಿಕೆ ತೋಟದಲ್ಲೂ ಹತ್ತು ಮರ ಇವೆ. ಚಾಲಕ ಮನೆಯವರನ್ನು ಕೇಳಿ ಎರಡು ಹಣ್ಣು ತಂದುಕೊಟ್ಟ. ಇವರು ಹೊರಗಿನ ಸಿಪ್ಪೆಯಿಂದ ಜಾಮ್, ಸಿರಪ್ಪು ಮಾಡುತ್ತಾರೆ ಅಂದ. ಅಮ್ಮ ‘ನಾವು ಉಪ್ಪಿನಕಾಯಿ’ ಅಂತ ಬೆರಳು ನೆಕ್ಕಿ ತೋರಿಸಿದಳು. ಆಮೇಲೆ ಕಾಯಿಯನ್ನು ಕಲ್ಲಿಗೆ ತೇದು ಕೂಸಿನ ಬಾಯಿಗೆ ಹಚ್ಚುವುದನ್ನೂ ಅಭಿನಯಿಸಿದಳು. ಇದಕ್ಕೆ ಹದಿನೈದು ನಿಮಿಷ ಹೋಯಿತು. ಹಡಗಿನ ಬಸ್ಸಾಗಿದ್ದರೆ ಆ ಮರ ಕಿಟಕಿಯಲ್ಲಿ ಎರಡು ಸೆಕೆಂಡು.

ಗುಯಾವ್‌ನ ಕಟ್ಟಡದಲ್ಲಿ ಹೆಂಗಸರು ಕೂತು ಕೈಯಲ್ಲೇ ಜಾಯಿಕಾಯಿ ಆರಿಸುತ್ತಿದ್ದರು. ಒಳ್ಳೆಯದು ಯಾವುದು ಅಂತ ತಿಳಿಯಲು ನೀರಿಗೆ ಹಾಕುತ್ತಾರೆ. ಮುಳುಗಿದ್ದು ಗಟ್ಟಿ, ತೇಲಿದ್ದು ಜೊಳ್ಳು. ಅಪ್ಪ ಬಾಯಿ ತೆರೆಯುತ್ತಿದ್ದಂತೆ ನನಗೆ ಅನುವಾದದ ಕೆಲಸ ಶುರುವಾಯಿತು. ಗಂಡು ಮರ, ಹೆಣ್ಣು ಮರ ಗೊತ್ತಾಗಲು ನಿಮಗೂ ಆರೇಳು ವರ್ಷ ಕಾಯಬೇಕಾ? ಹೌದಂತೆ. ಕಸಿ ಕಟ್ಟುತ್ತೀರಾ? ಕಟ್ಟುತ್ತಾರಂತೆ. ಕೆಜಿಗೆ ಎಷ್ಟು ಸಿಗುತ್ತದೆ? ಅದಕ್ಕೆ ಆ ಹೆಂಗಸು ಜೋರಾಗಿ ನಕ್ಕಳು. ಅಪ್ಪನೂ ನಕ್ಕರು. ಅಡಿಕೆ ಬೆಳೆಗಾರನಿಗೆ ಆ ನಗುವಿಗೆ ಅನುವಾದ ಬೇಕಾಗಲಿಲ್ಲ.

ಈ ದೇಶದ ಬಾವುಟದ ಮೇಲೇ ಜಾಯಿಕಾಯಿಯ ಚಿತ್ರ ಇದೆ. ಗಿಡ ಇಲ್ಲಿಗೆ ಬಂದದ್ದು 1843ರಲ್ಲಿ. ಒಂದು ಕಾಲಕ್ಕೆ ಇಂಡೋನೇಷ್ಯಾ ಬಿಟ್ಟರೆ ಜಗತ್ತಿಗೆ ಇವರದೇ ಜಾಯಿಕಾಯಿ. 2004ರ ಸೆಪ್ಟೆಂಬರ್ 7ಕ್ಕೆ ಐವಾನ್ ಚಂಡಮಾರುತ ಬಂದು ಬಹುಪಾಲು ಮರಗಳನ್ನು ಉರುಳಿಸಿಬಿಟ್ಟಿತು. ಇದನ್ನು 2019ರ ಗೈಡೂ ಹೇಳಿದ್ದರು. ಆದರೆ ಈ ಚಾಲಕನಿಗೆ ಅದು ಮನೆಯ ಕಥೆ. ಅವನ ಅಪ್ಪನ ತೋಟ ಒಂದೇ ದಿನದಲ್ಲಿ ಮಲಗಿತ್ತು. ಮತ್ತೆ ನೆಟ್ಟು ಕಾಯುವ ವಯಸ್ಸು ಅವರಿಗಿರಲಿಲ್ಲ. ಇವನು ಗಾಡಿ ಕೊಂಡ.

ಟ್ಯಾಕ್ಸಿಯಲ್ಲಿ ಗ್ರ್ಯಾಂಡ್ ಎಟಾಂಗ್‌ಗೆ ಅರ್ಧ ಗಂಟೆ ಸಿಕ್ಕಿತು. ಆ ಸಲ ಕೋತಿಯೂ ಬಂತು. ಮೋನಾ ಅನ್ನುವ ಜಾತಿ, ಗುಲಾಮರ ಹಡಗುಗಳ ಕಾಲದಲ್ಲಿ ಆಫ್ರಿಕಾದಿಂದ ಬಂದದ್ದು. ಚಾಲಕನ ಕೈಯಿಂದ ಬಾಳೆಹಣ್ಣು ಕಸಿದು ಹೋಯಿತು. ಬನವಾಸಿ ದೇವಸ್ಥಾನದ ಕೋತಿಗಳಷ್ಟು ಪುಂಡ ಅಲ್ಲ.

ಊಟದಲ್ಲಿ ಟ್ಯಾಕ್ಸಿ ಗೆದ್ದಿತು, ಅದೂ ಸ್ವಲ್ಪದರಲ್ಲಿ. ಇಲ್ಲಿನ ರಾಷ್ಟ್ರೀಯ ಅಡುಗೆ ಆಯಿಲ್ ಡೌನ್. ದೀವಿಹಲಸು, ಕೆಸುವಿನ ಎಲೆ, ಕಾಯಿಹಾಲು, ಅರಿಸಿನ. ಇವರು ಅರಿಸಿನಕ್ಕೆ ಸ್ಯಾಫ್ರನ್ ಅನ್ನುತ್ತಾರೆ! ಕೇಳಿದರೆ ನಮ್ಮ ಅಡುಗೆಮನೆಯೇ. ಆದರೆ ಉಪ್ಪು ಹಾಕಿದ ಮಾಂಸವೂ ಅದರಲ್ಲೇ ಬೇಯುತ್ತದೆ, ಅಪ್ಪ ಅಮ್ಮನಿಗೆ ಆಗದು. ಚಾಲಕ ಒಂದು ಸಣ್ಣ ರೊಟ್ಟಿ ಅಂಗಡಿಗೆ ಕರೆದೊಯ್ದ. ಆಲೂಗಡ್ಡೆ, ಕಡಲೆಕಾಳಿನ ಪಲ್ಯ ತುಂಬಿ ಸುತ್ತಿದ ದೊಡ್ಡ ರೊಟ್ಟಿ. ಹೆಸರೂ ರೊಟ್ಟಿಯೇ. 1857ರ ಮೇ 1ಕ್ಕೆ ಮೇಡ್‌ಸ್ಟೋನ್ ಅನ್ನುವ ಹಡಗಿನಲ್ಲಿ ಭಾರತದಿಂದ ಮೊದಲ ಕೂಲಿಯವರು ಇಲ್ಲಿ ಇಳಿದರು, ಅವರ ಜೊತೆಗೆ ಬಂದ ತಿಂಡಿ ಇದು. ಅಮ್ಮ ಒಂದನ್ನು ಅಲ್ಲೇ ಮುಗಿಸಿ ಇನ್ನೊಂದನ್ನು ಕಟ್ಟಿಸಿಕೊಂಡಳು.

ತೊಂದರೆ ಇರಲಿಲ್ಲ ಅಂತಲ್ಲ. ಏರು ಬಂದಾಗಲೆಲ್ಲ ಅವನು ಏಸಿ ಆರಿಸುತ್ತಿದ್ದ. ನಡುವೆ ತನ್ನ ಅಕ್ಕನ ಅಂಗಡಿಗೂ ಒಂದು ಸುತ್ತು ಹಾಕಿಸಿದ. ಟ್ಯಾಕ್ಸಿ ಅಂದರೆ ಪೂರ್ತಿ ಚಾಲಕನ ಮೇಲೆ. ನಮಗೆ ಒಳ್ಳೆಯವನು ಸಿಕ್ಕ.

ಒಂದೂವರೆಗೆ ಅಪ್ಪ ಅಮ್ಮನನ್ನು ಹಡಗಿನ ಗೇಟಿಗೆ ಬಿಟ್ಟು ನಾವಿಬ್ಬರು ಗ್ರ್ಯಾಂಡ್ ಆನ್ಸ್ ಬೀಚಿಗೆ ಹೊರಟೆವು. ಹಡಗಿನ ಕೌಂಟರಿನಲ್ಲಿ ಇದೇ ಬೀಚಿಗೆ ತಲೆಗೆ 49 ಡಾಲರ್. ಬಸ್ ನಿಲ್ದಾಣ ಜೆಟ್ಟಿಯಿಂದ ನಡೆಯುವ ದೂರ. ಬಸ್ಸು ಅಂದರೆ ನಮ್ಮ ಮ್ಯಾಕ್ಸಿಕ್ಯಾಬ್ ಥರದ ವ್ಯಾನು, ಮುಂದಿನ ಗಾಜಿನ ಮೇಲೆ 1 ಅಂತ ನಂಬರು. ತಲೆಗೆ ಸುಮಾರು ಒಂದು ಅಮೆರಿಕನ್ ಡಾಲರ್, ಅಷ್ಟೇ.

ಹತ್ತುವಾಗ ಎಲ್ಲರಿಗೂ ‘ಗುಡ್ ಆಫ್ಟರ್‌ನೂನ್’ ಹೇಳಬೇಕು. ಹೇಳದೆ ಕೂತರೆ ಸೊಕ್ಕು ಅಂದುಕೊಳ್ಳುತ್ತಾರೆ. ನಾನು ಹೇಳಿದೆ, ಇಡೀ ಬಸ್ಸು ತಿರುಗಿ ಹೇಳಿತು. ಕಂಡಕ್ಟರ್ ಮಡಚುವ ಸೀಟು ಬಿಚ್ಚಿ ಬಿಚ್ಚಿ ಜನರನ್ನು ತುಂಬಿದ. ಕುಮಟಾ ಕಡೆಯ ಟೆಂಪೋಗಳನ್ನು ಕಂಡವರಿಗೆ ಇದು ಹೊಸತಲ್ಲ. ಸೋಕಾ ಅನ್ನುವ ಕೆರಿಬಿಯನ್ ಕುಣಿತದ ಹಾಡಿನ ಸದ್ದಿಗೆ ಎದೆ ಗುದ್ದುತ್ತದೆ. ಇಳಿಯಬೇಕಾದರೆ ಬಸ್ಸಿನ ಮೈಗೆ ಬೆರಳಿನಿಂದ ಟಕ್ ಟಕ್ ಬಡಿಯಬೇಕು. ನನ್ನ ಬಡಿತ ಹಾಡಿನಲ್ಲಿ ಕೇಳಿಸಲೇ ಇಲ್ಲ, ಹಿಂದಿನ ಸೀಟಿನ ಶಾಲೆ ಹುಡುಗಿ ನನ್ನ ಪರವಾಗಿ ಬಡಿದಳು. ಹದಿನೈದು ನಿಮಿಷದ ದಾರಿ. ನನಗೆ ಇಡೀ ದಿನದಲ್ಲಿ ಅತಿ ಖುಷಿ ಕೊಟ್ಟ ಹದಿನೈದು ನಿಮಿಷ.

ಬೀಚು ಸುಮಾರು ಮೂರು ಕಿಲೋಮೀಟರ್, ಬಿಳಿ ಮರಳು, ಅಲೆಯೇ ಇಲ್ಲ ಅನ್ನಬೇಕು. ಹೆಚ್ಚೇನೂ ಹೇಳುವುದಿಲ್ಲ, ಫೋಟೋದಲ್ಲಿ ಕಾಣುವ ಹಾಗೆಯೇ ಇದೆ. ವಾಪಸ್ ಬರುವಾಗ ಟ್ರಾಫಿಕ್ ಹೆದರಿಕೆಗೆ ಬಸ್ಸು ಬಿಟ್ಟು ದೋಣಿ ಟ್ಯಾಕ್ಸಿ ಹತ್ತಿದೆವು. ಬಸ್ಸಿಗಿಂತ ಜಾಸ್ತಿ, ಆದರೂ ಅಗ್ಗ. ನೀರಿನಿಂದ ನೋಡಿದರೆ ಕೆಂಪು ಹಂಚಿನ ಮನೆಗಳು ಗುಡ್ಡ ಹತ್ತಿ ನಿಂತ ಹಾಗಿರುತ್ತವೆ.

ನನ್ನ ಲೆಕ್ಕ ಹೀಗೆ. ಹಿರಿಯರಿದ್ದರೆ, ಮೂರು ನಾಲ್ಕು ಜನ ಇದ್ದರೆ ಕಣ್ಣು ಮುಚ್ಚಿ ಟ್ಯಾಕ್ಸಿ. ಬರೀ ಬೀಚಾದರೆ ಬಸ್ಸು, ಆದರೆ ಭಾನುವಾರ ನಂಬಬೇಡಿ, ಬಸ್ಸುಗಳು ಬಹಳ ಕಡಿಮೆ. ಒಬ್ಬರೇ ಹೋಗುತ್ತಿದ್ದರೆ, ಅಥವಾ ಹಡಗು ತಪ್ಪೀತು ಅನ್ನುವ ಭಯದಲ್ಲಿ ದಿನವಿಡೀ ಗಡಿಯಾರ ನೋಡುವ ಸ್ವಭಾವದವರಾದರೆ ಹಡಗಿನ ಟೂರೇ ಸರಿ. ನನ್ನ ಹೆಂಡತಿ ಆ ಕೊನೆಯ ಗುಂಪಿನವಳು. ಬೀಚಿನಲ್ಲಿ ಆರು ಸಲ ಟೈಮ್ ಕೇಳಿದಳು.

ನಾಲ್ಕೂವರೆಗೆ ಹಡಗು ಹತ್ತಿದೆವು. ಅಪ್ಪ ನಿದ್ದೆಯಲ್ಲಿದ್ದರು. ಗೇಟಿನಲ್ಲಿ ಅಮ್ಮನ ಚೀಲ ನೋಡಿ ಹಣ್ಣು ಒಳಗೆ ಬಿಡುವುದಿಲ್ಲ ಅಂದರಂತೆ, ಸಿಪ್ಪೆಯೆಲ್ಲ ಬುಟ್ಟಿಗೆ ಹೋಯಿತಂತೆ. ‘ಉಪ್ಪಿನಕಾಯಿಗೆ ಇಷ್ಟು ಸಾಕಿತ್ತು’ ಅಂತ ಇನ್ನೂ ಗೊಣಗುತ್ತಿದ್ದಳು. ಬಾಲ್ಕನಿಯ ಮೇಜಿನ ಮೇಲೆ ಹಡಗಿನವರ ಬಿಳಿ ಟಿಶ್ಯೂ ಹಾಸಿ, ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೂ ಚಮಚ ಇಟ್ಟು, ಬಿಡಿಸಿಟ್ಟುಕೊಂಡಿದ್ದ ಎರಡು ಜಾಪತ್ರೆಯನ್ನು ಒಣಗಲು ಹಾಕಿದ್ದಳು.