ರಾಯಚೂರಿನಲ್ಲಿ ಮನೆ ಆರೈಕೆ ಸೇವೆ: 20 ತಿಂಗಳು ಬಳಸಿದ ಮೇಲೆ

ಪಾರ್ಶ್ವವಾಯುವಿನಿಂದ ಬಲಗೈ ಬಲಗಾಲು ಬಿದ್ದಿರುವ, ಜೊತೆಗೆ ಸಕ್ಕರೆ ಕಾಯಿಲೆಯೂ ಇರುವ, ಎಪ್ಪತ್ತು ದಾಟಿದ ರೋಗಿ. ಸೇವೆ ಅಂದರೆ ಏಜೆನ್ಸಿಯಿಂದ ಬರುವ ಆಯಾ, ದಿನಕ್ಕೆರಡು ಸಲ ಇನ್ಸುಲಿನ್ ಕೊಡಲು ಬರುವ ಸಿಸ್ಟರ್, ವಾರಕ್ಕೊಮ್ಮೆ ಮುಖ ತೋರಿಸುವ ಸೂಪರ್‌ವೈಸರ್. ಮೊದಲ 5 ತಿಂಗಳು 24 ಗಂಟೆಗೆ ಒಬ್ಬರೇ ಆಯಾ, ಆಮೇಲೆ 12 ಗಂಟೆಯ ಎರಡು ಪಾಳಿ. ಏಜೆನ್ಸಿಯ ಹೆಸರು ಬರೆಯುವುದಿಲ್ಲ. ಇಲ್ಲಿ ಹೇಳುವ ಕೊರತೆಗಳು ಯಾವ ಏಜೆನ್ಸಿಯಲ್ಲೂ ಇರಬಹುದು. ಅಂಕ ಕೊಡಲೇಬೇಕೆಂದರೆ ಹಗಲಿಗೆ 5ಕ್ಕೆ 4, ರಾತ್ರಿಗೆ 2.

ರಾತ್ರಿಗೆ 2 ಯಾಕೆ ಅಂದರೆ, ತಾನಾಗಿ ಹೊರಳಲಾಗದವರಿಗೆ ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿ 10ರಿಂದ ಬೆಳಗಿನ 6ರೊಳಗೆ ನಾಲ್ಕೈದು ಸಲ ಏಳಬೇಕು. ಬೆಳಗ್ಗೆಯಿಂದ ಮೈ ತೊಳೆದು, ಬಟ್ಟೆ ಒಗೆದು, ಉಣ್ಣಿಸಿ ದಣಿದ ಹೆಂಗಸು ರಾತ್ರಿಯೂ ಎದ್ದಾಳೆಂದು ನಂಬಿಕೊಂಡು ‘24 ಗಂಟೆ ಡ್ಯೂಟಿ’ ಮಾರುವುದೇ ತಪ್ಪು. ಇದು ಆಕೆಯ ಸೋಮಾರಿತನವಲ್ಲ, ಏಜೆನ್ಸಿಯ ಲೆಕ್ಕದ ಮೋಸ. ಆದರೆ ಚಾರ್ಟ್ ಮಾತ್ರ ದಿನವೂ ತುಂಬಿರುತ್ತದೆ: 10 ಎಡ, 12 ಬೆನ್ನು, 2 ಬಲ, 4 ಎಡ. ಒಂದೇ ಪೆನ್ನು, ಒಂದೇ ವಾಲು, ಗಂಟೆ ಹೊಡೆದ ಹಾಗೆ. 12:20, 2:35 ಅಂತ ವಕ್ರವಾಗಿ ಬರೆದ ಚಾರ್ಟನ್ನು ನಂಬಬಹುದು. ಸೊನ್ನೆ ಸೊನ್ನೆ ಬರೆದದ್ದು ಬೆಳಗ್ಗೆ ಚಹಾದ ಜೊತೆ ಕೂತು ತುಂಬಿಸಿದ್ದು.

ಪರೀಕ್ಷೆ ಸುಲಭ. ಬೆಳಗ್ಗೆ ಮುಖ ತೊಳೆಸುವ ಮುಂಚೆ ಕಿವಿ ನೋಡಿ. ಕೊನೆಗೆ ಎಡಮಗ್ಗುಲು ಅಂತ ಬರೆದಿದ್ದು, ಬಲಗಿವಿ ಕೆಂಪಾಗಿ ಚಪ್ಪಟೆಯಾಗಿದ್ದರೆ, ಬಲಗೆನ್ನೆಯ ಮೇಲೆ ದಿಂಬಿನ ಹೊಲಿಗೆಯ ಗೆರೆ ಆಳವಾಗಿ ಮೂಡಿದ್ದರೆ, ಚಾರ್ಟ್ ಸುಳ್ಳು. ಆಮೇಲೆ ಟೈಲ್‌ಬೋನ್ ಅನ್ನುವ ಬೆನ್ನಿನ ಬುಡದ ಎಲುಬು, ಎರಡೂ ಹಿಮ್ಮಡಿ, ಸೊಂಟದ ಗಂಟೆಲುಬು, ಪಾದದ ಹರಡು. ಕೆಂಪಾದ ಕಡೆ ಬೆರಳೊತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಇನ್ನೂ ಕಾಲ ಮಿಂಚಿಲ್ಲ. ಒತ್ತಿದರೂ ಕೆಂಪು ಕದಲದಿದ್ದರೆ ಅದೇ ಹಾಸಿಗೆ ಹುಣ್ಣಿನ ಮೊದಲ ಹಂತ. ನಮ್ಮ ಕಡೆಯ ಕಪ್ಪು ಮೈಬಣ್ಣಕ್ಕೆ ಕೆಂಪು ಬೇಗ ಕಾಣುವುದಿಲ್ಲ, ಹಾಗಾಗಿ ಅಂಗೈ ಹಿಂಭಾಗ ಇಟ್ಟು ನೋಡಬೇಕು: ಆ ಜಾಗ ಸುತ್ತಲಿಗಿಂತ ಬಿಸಿ ಅಥವಾ ಗಟ್ಟಿ ಇದೆಯೇ ಅಂತ. ಕೆಂಪಾದಲ್ಲಿ ಸ್ಪಿರಿಟ್ ಹಚ್ಚಿ ತಿಕ್ಕುವ ಹಳೆ ರೂಢಿ ಇನ್ನೂ ಇದೆ. ತಿಕ್ಕಿದರೆ ಒಳಗಿನ ಮಾಂಸ ಇನ್ನಷ್ಟು ಹಾಳು.

ಮಗ್ಗುಲು ಅಂದರೆ ಪೂರ್ತಿ ಅಡ್ಡ ಮಲಗಿಸುವುದೂ ಅಲ್ಲ. ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿ ವಾಲಿಸಿದರೆ ಸಾಕು, ಭಾರ ಸೊಂಟದ ಎಲುಬಿನ ಮೇಲೆ ಬೀಳುವುದಿಲ್ಲ. ಮೀನಖಂಡದ ಕೆಳಗೆ ಇನ್ನೊಂದು ದಿಂಬು, ಹಿಮ್ಮಡಿ ಗಾಳಿಯಲ್ಲಿ ತೇಲಬೇಕು. ಇದನ್ನು ಗೊತ್ತಿಟ್ಟುಕೊಂಡು ಬಂದ ಆಯಾ ಸಿಕ್ಕರೆ ಬಿಡಬೇಡಿ.

ಏರ್‌ಬೆಡ್ ಇದೆ, ಹೊರಳಿಸುವುದೇನೂ ಬೇಡ ಅನ್ನುವವರೂ ಬಂದರು. ಏರ್‌ಬೆಡ್ ಒತ್ತಡವನ್ನು ಜಾಗದಿಂದ ಜಾಗಕ್ಕೆ ಸರಿಸುತ್ತದೆ, ಹೊರಳಿಸುವ ಕೆಲಸ ತಪ್ಪಿಸುವುದಿಲ್ಲ. ಮನೆಯವರ ತಪ್ಪೂ ಇಲ್ಲೇ: ಹಾಸಿಗೆ ಬುಳುಬುಳು ಅನ್ನುತ್ತೆ ಅಂತ ಮೇಲೆ ಕೌದಿ ಹಾಸಿಬಿಡುತ್ತಾರೆ. ಕೌದಿ, ರಬ್ಬರ್ ಶೀಟು, ಮೇಲೊಂದು ಚಾದರ ಸೇರಿದರೆ ಕೆಳಗಿನ ಗಾಳಿಯಿಂದ ಮೈಗೆ ಏನೂ ಸಿಗದು. ತೆಳ್ಳನೆ ಹತ್ತಿ ಚಾದರ ಒಂದೇ, ಅದೂ ಸಡಿಲವಾಗಿ. ಪಂಪಿನ ಗುಂಡಿಯನ್ನು ರೋಗಿಯ ತೂಕಕ್ಕೆ ತಕ್ಕಂತೆ ತಿರುಗಿಸಬೇಕು. ಪೂರ್ತಿ ತಿರುಗಿಸಿದರೆ ಹಲಗೆಯಂತಾಗುತ್ತದೆ. ಸೊಂಟದ ಕೆಳಗೆ ಏರ್‌ಬೆಡ್ಡಿನ ಅಡಿಗೆ ಅಂಗೈ ಮೇಲ್ಮುಖವಾಗಿ ತೂರಿಸಿ: ಎಲುಬು ಕೈಗೆ ತಾಗಿದರೆ ಗಾಳಿ ಸಾಲದು, ನಡುವೆ ಒಂದಿಂಚಾದರೂ ಮೆತ್ತಗೆ ಇರಬೇಕು. ಶಕ್ತಿನಗರದಲ್ಲಿ ಕರೆಂಟ್ ಹುಟ್ಟಿದರೂ ಬೇಸಿಗೆಯಲ್ಲಿ ಊರಿನೊಳಗೆ ಅದು ಬಂದು ಹೋಗುವ ನೆಂಟ. ಪಂಪಿಗೆ ಬೇಕಾಗುವ ಕರೆಂಟ್ ಸಣ್ಣ ಬಲ್ಬಿನಷ್ಟೇ, ಇನ್ವರ್ಟರ್ ಲೈನಿಗೆ ಹಾಕಿಸಿ. ಕರೆಂಟ್ ಹೋದಾಗ ಗಾಳಿ ಇಳಿದದ್ದನ್ನು ಗಮನಿಸಿ ನಮ್ಮನ್ನು ಎಬ್ಬಿಸಿದ ಆಯಾ 20 ತಿಂಗಳಲ್ಲಿ ಒಬ್ಬರೇ.

ಹಗಲಿನ ಕೆಲಸದಲ್ಲಿ ಹೆಚ್ಚು ಅಪಾಯ ಉಣ್ಣಿಸುವಾಗ. ಇಲ್ಲಿ ಲೋಟ ತುಟಿಗೆ ತಾಗಿಸದೆ, ತಲೆ ಹಿಂದಕ್ಕೆ ಎತ್ತಿಸಿ ಮೇಲಿನಿಂದ ನೀರು ಸುರಿಯುವ ರೂಢಿ. ಪಾರ್ಶ್ವವಾಯು ಆದವರಿಗೆ ಹಾಗೆ ಸುರಿದರೆ ನೀರು ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ನೆಟ್ಟಗೆ ಕೂರಿಸಿ, ಗದ್ದ ಎದೆಯ ಕಡೆ ಬಾಗಿಸಿ, ಸಣ್ಣ ಚಮಚದಲ್ಲಿ, ಗಟ್ಟಿ ಇರುವ ಮಗ್ಗುಲಿನ ಬಾಯಿಗೆ ಕೊಡಬೇಕು. ನೀರಿಗಿಂತ ಸ್ವಲ್ಪ ಮಂದವಾದ ಜೋಳದ ಅಂಬಲಿ ಇಂಥವರಿಗೆ ಸಲೀಸಾಗಿ ಇಳಿಯುತ್ತದೆ, ಗಂಟಿಲ್ಲದಂತೆ ಸೋಸಿದ್ದಿರಬೇಕು ಅಷ್ಟೇ. ಮಂಡಾಳು, ಚುರುಮುರಿ ಬೇಡವೇ ಬೇಡ. ನುಂಗಿದ ಮೇಲೆ ದನಿ ನೀರಾಡಿದಂತೆ ಗೊರಗೊರ ಅಂದರೆ ತಕ್ಷಣ ನಿಲ್ಲಿಸಬೇಕು. ಊಟವಾದ ಮೇಲೆ ಬಿದ್ದ ಮಗ್ಗುಲಿನ ಕೆನ್ನೆಯೊಳಗೆ ಅನ್ನ ಉಳಿದಿದೆಯೇ ಅಂತ ಬಾಯಿ ತೆರೆಸಿ ನೋಡಿ, ಅರ್ಧ ಗಂಟೆ ಕೂರಿಸಿಯೇ ಇರಬೇಕು. ನಮ್ಮ ಹಗಲಿನ ಆಯಾ ಎರಡು ದಿನದಲ್ಲಿ ಕಲಿತರು. ಆ 4 ಅಂಕ ಬಹುಪಾಲು ಅವರದ್ದು.

ಇನ್ಸುಲಿನ್ ವಿಷಯದಲ್ಲಿ ಬದಲಿ ಸಿಸ್ಟರ್ ಬಂದ ದಿನ ಬಾಗಿಲಲ್ಲೇ ಸಿರಿಂಜ್ ನೋಡಿ. ನಮ್ಮಲ್ಲಿ ಸಿಗುವ ಬಾಟಲಿಗಳಲ್ಲಿ ಹೆಚ್ಚಿನವು ಮಿ.ಲೀ.ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆ ಮುಚ್ಚಳದ್ದು 100 ಯೂನಿಟ್‌ದಕ್ಕೆ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್ ಮಾತ್ರ, ಸಕ್ಕರೆ ಏರುತ್ತದೆ. ಅದಲುಬದಲಾಗಿ 100ರದ್ದನ್ನು ಕೆಂಪು ಸಿರಿಂಜಿನಲ್ಲಿ ಎಳೆದರೆ 20ರ ಜಾಗದಲ್ಲಿ 50 ಯೂನಿಟ್, ಅದು ಜೀವಕ್ಕೇ ಕುತ್ತು. ಸಕ್ಕರೆ 70ಕ್ಕಿಂತ ಇಳಿದು ರೋಗಿಗೆ ಎಚ್ಚರವಿದ್ದು ನುಂಗುವ ಹಾಗಿದ್ದರೆ ಮೂರು ಚಹಾ ಚಮಚ ಸಕ್ಕರೆ ಕೊಟ್ಟು, 15 ನಿಮಿಷಕ್ಕೆ ಮತ್ತೆ ಪರೀಕ್ಷೆ. ನುಂಗುವ ತೊಂದರೆ ಇರುವವರಿಗೆ ಅದನ್ನು ಯಾವ ರೂಪದಲ್ಲಿ ಕೊಡಬೇಕು ಅಂತ ಡಾಕ್ಟರಿಂದ ಮೊದಲೇ ಬರೆಸಿಡಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್. ಸಕ್ಕರೆ ಇಳಿದರೆ ಏನು ಮಾಡುತ್ತೀರಿ ಅಂತ ಕೇಳಿದಾಗ ತಡವರಿಸುವವರು ಸಿಸ್ಟರ್ ಅಲ್ಲ, ಬಿಳಿ ಕೋಟು ಹಾಕಿದ ಆಯಾ. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿದವರಿಗೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಕೇಳಿ ಬರೆದಿಟ್ಟುಕೊಳ್ಳಿ. ಏಜೆನ್ಸಿಯವರು ಎಲ್ಲರನ್ನೂ ‘ನರ್ಸ್’ ಅನ್ನುತ್ತಾರೆ, ಬಿಲ್ಲೂ ಹಾಗೇ ಬರುತ್ತದೆ.

ಯೂರಿನ್ ಬ್ಯಾಗ್ ಬಗ್ಗೆ ಒಂದೇ ಮಾತು: ಹಾಸಿಗೆಯಿಂದ ಕುರ್ಚಿಗೆ ಕೂರಿಸುವಾಗ ಆಯಾ ಅದನ್ನು ಹೆಗಲಿಗೆ ಸಿಕ್ಕಿಸಿಕೊಂಡರೆ ಮೂತ್ರ ವಾಪಸ್ ಹರಿದು ಸೋಂಕು. ಅದು ಯಾವಾಗಲೂ ಹೊಟ್ಟೆಗಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ಇರಬೇಕು.

ಸೂಪರ್‌ವೈಸರ್ ಬಂದಾಗ ಗಡಿಯಾರ ನೋಡಿ. ಬಾಗಿಲಲ್ಲಿ ನಿಂತು ‘ಎಲ್ಲಾ ಛಲೋ ಐತೇನ್ರಿ ಅಕ್ಕಾರ’ ಅಂದು ಚಹಾ ಕುಡಿದು ರುಜು ಹಾಕಿ ಹೋದರೆ ಆ ಭೇಟಿಗೆ ಬೆಲೆಯಿಲ್ಲ. ಚಾದರ ಎತ್ತಿ ಹಿಮ್ಮಡಿ ನೋಡಿದವರೊಬ್ಬರು ಮೂರು ತಿಂಗಳಿದ್ದರು. ರಾತ್ರಿ ಪಾಳಿಗೆ ಬೇರೆ ಆಯಾ ಬೇಕೆಂದು ಏಜೆನ್ಸಿಗೆ ಹೇಳಿದವರೂ ಅವರೇ.

ಇನ್ನು ರಜಾ. ಆಯಾಗಳು ಹೆಚ್ಚಾಗಿ ಮಾನ್ವಿ, ದೇವದುರ್ಗ, ಲಿಂಗಸುಗೂರು ಕಡೆಯ ಹಳ್ಳಿಯವರು. ನಾಗರಪಂಚಮಿಗೆ ತವರಿಗೆ ಹೋಗದ ಹೆಣ್ಣುಮಗಳನ್ನು ಈ ಭಾಗದಲ್ಲಿ ಹುಡುಕಬೇಡಿ. ಅದಕ್ಕಿಂತ ಕಷ್ಟ ಹತ್ತಿ ಬಿಡಿಸುವ ಕಾಲ, ನವೆಂಬರಿನಿಂದ ಜನವರಿವರೆಗೆ. ಹೊಲದ ಕೂಲಿ ಏರಿದಾಗ ಏಜೆನ್ಸಿಯ ಸಂಬಳ ಯಾರನ್ನೂ ಹಿಡಿದಿಡುವುದಿಲ್ಲ. ಒಪ್ಪಂದದಲ್ಲಿ ‘ಬದಲಿ ವ್ಯವಸ್ಥೆ ಮಾಡಲಾಗುವುದು’ ಅಂತ ಬರೆದಿದ್ದರೆ ಸಾಲದು. ಎಷ್ಟು ಗಂಟೆಯೊಳಗೆ, ಬರದ ದಿನದ ಹಣ ಕಳೆಯುತ್ತಾರೋ ಇಲ್ಲವೋ ಅನ್ನುವುದನ್ನೂ ಬರೆಸಿ. ಹೊಸಬರು ಹಳಬರ ಜೊತೆ ಒಂದು ಗಂಟೆಯಾದರೂ ಇರಬೇಕೆಂಬ ಸಾಲನ್ನು ನಾವು ಕೈಯಿಂದಲೇ ಸೇರಿಸಿದೆವು. ಪಂಚಮಿಗೆ ಹತ್ತು ದಿನ ಮುಂಚೆ ನೆನಪಿಸಿ ಫೋನ್ ಮಾಡಿದರೆ ಬದಲಿಯವರು ಹಿಂದಿನ ಸಂಜೆಯೇ ಬರುತ್ತಾರೆ. ಫೋನ್ ಮಾಡದಿದ್ದರೆ ಹಬ್ಬದ ಬೆಳಗ್ಗೆ ಎಂಟಕ್ಕೆ, ರೋಗಿಯ ಯಾವ ಮಗ್ಗುಲು ಬಿದ್ದಿದೆ ಅನ್ನುವುದೂ ಗೊತ್ತಿಲ್ಲದ ಒಬ್ಬರು ಬಾಗಿಲು ತಟ್ಟುತ್ತಾರೆ.