149 ಡಾಲರ್ ಕೊಟ್ಟು 'ಎಪಿ' ಕಲಿತ ಅಮ್ಮನ ವಿಮರ್ಶೆ: ಎರಡೂವರೆ ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ನಾನು ಟೀಚರ್ ಅಲ್ಲ, ಕೌನ್ಸೆಲರೂ ಅಲ್ಲ. ದಾವಣಗೆರೆಯಲ್ಲಿ ಓದಿ, ಮದುವೆಯಾಗಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದು 18 ವರ್ಷ ಆಯಿತು. ಮಗಳು ಈಗ ಹನ್ನೊಂದನೇ ಕ್ಲಾಸು. ಹೋದ ವರ್ಷ ಫೆಬ್ರವರಿಯಲ್ಲಿ ಅವಳು ಮುಂದಿನ ವರ್ಷದ ಕೋರ್ಸ್ ಆರಿಸುವ ಫಾರಂ ತಂದು ಊಟದ ಟೇಬಲ್ ಮೇಲೆ ಇಟ್ಟಳು. ಎಪಿ, ಆನರ್ಸ್, ಡ್ಯುಯಲ್ ಎನ್‌ರೋಲ್‌ಮೆಂಟ್ ಅಂತೆಲ್ಲಾ ಇತ್ತು. "ಅಮ್ಮ, ಇಲ್ಲಿ ಸೈನ್ ಮಾಡು" ಅಂದಳು. ಏನಕ್ಕೆ ಸೈನ್ ಮಾಡ್ತಿದ್ದೀನಿ ಅಂತಲೇ ನನಗೆ ಗೊತ್ತಿರಲಿಲ್ಲ.

ಅದೇ ವಾರ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಜಾಹೀರಾತು ಬಂತು. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಕೋರ್ಸು ತಗೊಳ್ಳೋದು ಹೇಗೆ ಅಂತ ಅಪ್ಪ ಅಮ್ಮಂದಿರಿಗೆ ಹೇಳಿಕೊಡುವ ಜೂಮ್ ಕ್ಲಾಸು. ಶನಿವಾರ ಬೆಳಿಗ್ಗೆ ಎರಡು ಗಂಟೆ, 149 ಡಾಲರ್. ಕಟ್ಟಿದೆ. ನಡೆಸುವವರ ಹೆಸರು ಹೇಳುವುದಿಲ್ಲ. ನಮ್ಮ ಕಡೆ ಇಂಥವು ಬೇಕಾದಷ್ಟಿವೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಶುರುವಿನ 40 ನಿಮಿಷ ನಿಜಕ್ಕೂ ಚೆನ್ನಾಗಿತ್ತು. ನಮ್ಮಂಥವರ ಗೊಂದಲ 'ಕಾಲೇಜು' ಅನ್ನೋ ಪದದಿಂದಲೇ ಶುರು, ಅಲ್ವಾ? ನಮ್ಮೂರಲ್ಲಿ ಎಸ್ಸೆಸ್ಸೆಲ್ಸಿ ಮುಗಿದರೆ ಕಾಲೇಜು. ಗೇಟಿನ ಮೇಲೆ ಪಿಯು ಕಾಲೇಜು ಅಂತ ಬೋರ್ಡೇ ಇರುತ್ತೆ. ಮೊಮ್ಮಗಳು ಕಾಲೇಜು ಮಟ್ಟದ ಪಾಠ ಓದ್ತಾಳೆ ಅಂತ ನಮ್ಮತ್ತೆಗೆ ಫೋನಿನಲ್ಲಿ ಹೇಳಿದರೆ, "ಹನ್ನೊಂದು ಅಂದ್ರೆ ಕಾಲೇಜೇ ಅಲ್ವೇನಮ್ಮಾ, ಅದರಲ್ಲೇನು ಹೊಸದು?" ಅಂದರು. ಇಲ್ಲಿ ಹನ್ನೆರಡರ ತನಕ ಹೈಸ್ಕೂಲು. ಕಾಲೇಜು ಅಂದರೆ ನಮ್ಮ ಡಿಗ್ರಿ. ಆ ಡಿಗ್ರಿ ಮೊದಲ ವರ್ಷದ ಪಾಠವನ್ನು ಹೈಸ್ಕೂಲಿನಲ್ಲೇ ಓದೋದು ಅನ್ನುವಷ್ಟು ತಿಳಿಯಲು ನನಗೆ ಈ ಕ್ಲಾಸು ಬೇಕಾಯಿತು. ನಾಚಿಕೆ ಏನಿಲ್ಲ.

ಎಪಿ ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಎಸ್‌ಎಟಿ ಅನ್ನೋ ಕಾಲೇಜು ಪ್ರವೇಶ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನದ್ದೇ. 1950ರ ದಶಕದಿಂದ ಇದೆ, ಈಗ ಸುಮಾರು 40 ವಿಷಯ. ಪಾಠ ಮಾಡುವುದು ಸ್ಕೂಲಿನ ಟೀಚರೇ. ಮೇ ತಿಂಗಳಲ್ಲಿ ದೇಶಕ್ಕೆಲ್ಲಾ ಒಂದೇ ಪರೀಕ್ಷೆ, 1ರಿಂದ 5ರವರೆಗೆ ಸ್ಕೋರು. ಡ್ಯುಯಲ್ ಎನ್‌ರೋಲ್‌ಮೆಂಟ್ ಬೇರೆ. ಅದರಲ್ಲಿ ಮಗು ಹೈಸ್ಕೂಲಿನಲ್ಲಿ ಇದ್ದುಕೊಂಡೇ ಕಮ್ಯುನಿಟಿ ಕಾಲೇಜಿಗೂ (ಎರಡು ವರ್ಷದ ಸರ್ಕಾರಿ ಕಾಲೇಜು) ಸೇರುತ್ತೆ. ಮೇ ಪರೀಕ್ಷೆ ಇಲ್ಲ, ಆ ಕೋರ್ಸಿನ ಗ್ರೇಡೇ ಎಲ್ಲ. ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್) ಅನ್ನೋ ಇನ್ನೊಂದು ಪಠ್ಯಕ್ರಮದ ಬಗ್ಗೆಯೂ ಹೇಳಿದರು. ನಮ್ಮ ಸ್ಕೂಲಿನಲ್ಲಿ ಅದಿಲ್ಲ, ನಾನು ಎದ್ದು ಕಾಫಿ ಮಾಡಿಕೊಂಡು ಬಂದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾಲ್ಕು ಸ್ಟಾರ್ ಕೊಡುತ್ತಿದ್ದೆ.

ಆಮೇಲೆ ಒಂದು ಸ್ಲೈಡ್ ಬಂತು. ಒಳ್ಳೆ ಯೂನಿವರ್ಸಿಟಿಗೆ ಎಷ್ಟು ಎಪಿ ಬೇಕು? ಒಂದು ಕಡೆ 8, ಒಂದು ಕಡೆ 10, ಕೆಂಪು ಡಬ್ಬಿಯೊಳಗೆ 12. ಆ ಲೆಕ್ಕ ಎಲ್ಲಿಂದ ತಂದರು ಅಂತ ಹೇಳಲಿಲ್ಲ. ಚಾಟ್ ಬಾಕ್ಸ್ ನೋಡಬೇಕಿತ್ತು. ಯಾರೋ ಒಬ್ಬರು '9 ಸಾಕಾ?' ಅಂತ ಬರೆದರು. ಎರಡೇ ನಿಮಿಷಕ್ಕೆ ಅವರೇ '9, ಜೊತೆಗೆ ಒಂದು ಡ್ಯುಯಲ್?' ಅಂತ ಚೌಕಾಸಿಗೆ ಇಳಿದರು. ಚಿಕ್ಕಪೇಟೆಯಲ್ಲಿ ಸೀರೆ ವ್ಯಾಪಾರ ನೆನಪಾಯಿತು. ನಾನು ಕೇಳಿದ್ದು ಒಂದೇ ಪ್ರಶ್ನೆ: ಎಪಿ ಮತ್ತು ಡ್ಯುಯಲ್, ಎರಡರಲ್ಲಿ ಮಗು ಎಡವಿದರೆ ಏನಾಗುತ್ತೆ? ಉತ್ತರ ಪ್ರೀಮಿಯಂ ಪ್ಯಾಕೇಜಿನ ಒಬ್ಬೊಬ್ಬರ ಮೀಟಿಂಗಿನಲ್ಲಿ ಸಿಗುತ್ತದಂತೆ. ಅದರ ಬೆಲೆ ಕೇಳಿ ಸುಮ್ನೆ ಮ್ಯೂಟ್ ಮಾಡಿಕೊಂಡೆ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಗಳ ಸ್ಕೂಲಿನ ಕೌನ್ಸೆಲರ್ ಹತ್ತಿರ. 20 ನಿಮಿಷ, ಒಂದು ಪೈಸೆ ಖರ್ಚಿಲ್ಲ. ಅವರು ಒಂದು ಹಾಳೆ ತೆಗೆದು ಮಧ್ಯೆ ಗೆರೆ ಎಳೆದರು. ಎಡಗಡೆ ಎಪಿ. ಇದರಲ್ಲಿ ಎರಡು ಅಂಕ ಇರುತ್ತವೆ, ಎರಡೂ ಬೇರೆ ಬೇರೆ ಜಾಗದಲ್ಲಿ ಕೂರುತ್ತವೆ. ವರ್ಷವಿಡೀ ಓದಿದ್ದಕ್ಕೆ ಸ್ಕೂಲು ಕೊಡುವ ಗ್ರೇಡು ಅಂಕಪಟ್ಟಿಗೆ, ಅಂದರೆ ಟ್ರಾನ್ಸ್‌ಕ್ರಿಪ್ಟಿಗೆ ಹೋಗುತ್ತೆ. ಮೇ ಪರೀಕ್ಷೆಯ ಸ್ಕೋರು ಜುಲೈನಲ್ಲಿ ಬೇರೆಯಾಗಿ ಬರುತ್ತೆ. 2 ಬಂದರೆ, ಹೆಚ್ಚಿನ ಕಾಲೇಜುಗಳಿಗೆ ಅದನ್ನು ತೋರಿಸಬೇಕೋ ಬೇಡವೋ ಅನ್ನೋದು ಮಕ್ಕಳ ಕೈಯಲ್ಲೇ ಇರುತ್ತೆ. ಬಲಗಡೆ ಡ್ಯುಯಲ್. ಅಲ್ಲಿ ಒಂದೇ ಗ್ರೇಡು, ಅದು ಕಾಲೇಜಿನ ದಾಖಲೆ. ಹದಿನಾರು ವರ್ಷಕ್ಕೆ ತಗೊಂಡ ಸಿ ಗ್ರೇಡು ಮುಂದೆ ಮೆಡಿಕಲ್‌ಗೆ ಅರ್ಜಿ ಹಾಕುವಾಗಲೂ ಜೊತೆಗೇ ಬರುತ್ತೆ.

ನಾವೆಲ್ಲಾ ಯಾವುದು ದೊಡ್ಡದು, ಯಾವುದು ಚಿಕ್ಕದು ಅಂತ ಕೇಳುತ್ತಾ ಕೂತಿದ್ದೆವು. ಅಂಕ ಎಲ್ಲಿ ಬರೆದಿಡ್ತಾರೆ ಅಂತ ಯಾರೂ ಕೇಳಿರಲಿಲ್ಲ.

ಆ 12ರ ಕೆಂಪು ಡಬ್ಬಿಯ ಗಾಳಿಯನ್ನೂ ಕೌನ್ಸೆಲರೇ ತೆಗೆದರು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ), ಅಂದರೆ ಬರ್ಕ್ಲಿ, ಯುಸಿಎಲ್‌ಎ ಎಲ್ಲಾ ಸೇರಿದ್ದು, ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕ ಹಾಕುವಾಗ ಇಂಥ ಕೋರ್ಸುಗಳಿಗೆ ಹೆಚ್ಚುವರಿ ಪಾಯಿಂಟ್ ಕೊಡುವುದು 8 ಸೆಮಿಸ್ಟರಿಗೆ ಮಾತ್ರ. ಅದರಲ್ಲಿ ಹತ್ತನೇ ಕ್ಲಾಸಿನದು 4 ಮೀರುವ ಹಾಗಿಲ್ಲ. ಅಂದರೆ ವರ್ಷವಿಡೀ ನಡೆಯುವ ಕೋರ್ಸಾದರೆ ನಾಲ್ಕೇ. ಉಳಿದದ್ದನ್ನು ಅವರು ನೋಡುವುದೇ ಇಲ್ಲ ಅಂತಲ್ಲ. ಆದರೆ ಪಾಯಿಂಟಿಗೋಸ್ಕರ ಐದನೆಯದು, ಆರನೆಯದು ಅಂತ ಗುಡ್ಡೆ ಹಾಕುವವರಿಗೆ ಈ ಮಾತು ಗೊತ್ತಿರಬೇಕಲ್ವಾ? 149 ಡಾಲರಿನ ಕ್ಲಾಸಿನಲ್ಲಿ ಇದರ ಸುದ್ದಿಯೇ ಇರಲಿಲ್ಲ. ಇದ್ದಿದ್ದರೆ ಪ್ರೀಮಿಯಂ ಪ್ಯಾಕೇಜು ಯಾರು ಕೊಳ್ಳುತ್ತಿದ್ದರು ಅನ್ನೋದು ನನ್ನ ಅನುಮಾನ.

ಇಷ್ಟೆಲ್ಲಾ ತಿಳಿದ ಮೇಲೂ ಬೇಸಿಗೆಯಲ್ಲಿ ಒಂದು ಪಾಠ ಕಲಿತೆ. ಮಗಳು ಕಮ್ಯುನಿಟಿ ಕಾಲೇಜಿನಲ್ಲಿ 3 ಯೂನಿಟ್‌ನ ಸೈಕಾಲಜಿ ತಗೊಂಡಳು. ಯೂನಿಟ್ ಅಂದರೆ ಕೋರ್ಸಿನ ಅಳತೆ, ಕ್ರೆಡಿಟ್ ಅಂತಾರಲ್ಲ ಅದು. ಇಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ ಯೂನಿಟ್ಟಿಗೆ 46 ಡಾಲರ್. ಹೈಸ್ಕೂಲು ಮಕ್ಕಳಿಗೆ ಅವಳು ಸೇರಿದ ಕಾಲೇಜು ಅದನ್ನು ಬಿಟ್ಟುಬಿಡುತ್ತೆ. ಪುಸ್ತಕದ ದುಡ್ಡಷ್ಟೇ ನಮ್ಮದು. ಫಾರಂಗೆ ಸ್ಕೂಲಿನ ಸಹಿ ಬೇಕು, ನನ್ನ ಸಹಿಯೂ ಬೇಕು. ಹಾಕಿದೆ. ಆರು ವಾರದ ಕೋರ್ಸು, ಸೆಮಿಸ್ಟರಿನ ಪಾಠವನ್ನೆಲ್ಲಾ ಅಷ್ಟರಲ್ಲೇ ತುರುಕಿರುತ್ತಾರೆ. ಎರಡನೇ ವಾರದ ಕೊನೆಗೆ ಮೊದಲ ಪರೀಕ್ಷೆ, ನೂರಕ್ಕೆ 61. ಅಷ್ಟರಲ್ಲಿ ದಾಖಲೆಯಲ್ಲಿ ಗುರುತು ಉಳಿಯದ ಹಾಗೆ ಕೋರ್ಸು ಬಿಡುವ ಕೊನೆ ದಿನ ದಾಟಿಹೋಗಿತ್ತು. ಈಗ ಬಿಟ್ಟರೆ ದಾಖಲೆಯಲ್ಲಿ 'ಡಬ್ಲ್ಯೂ' (ವಿತ್‌ಡ್ರಾ, ಅಂದರೆ ಮಧ್ಯೆ ಬಿಟ್ಟಿದ್ದು) ಅಂತ ಉಳಿಯುತ್ತೆ.

ಅವಳು ಮುಖ ಊದಿಸಿಕೊಂಡು ರೂಮಿನ ಬಾಗಿಲು ಹಾಕಿಕೊಂಡಳು. ನಾನು ತಡೆಯಲಾಗದೆ ಕಾಲೇಜಿನ ಆಫೀಸಿಗೆ ಫೋನ್ ಮಾಡಿದೆ. ಹೆಂಗಸಿನ ದನಿ, ಬಹಳ ಸೌಜನ್ಯ. "ವಿದ್ಯಾರ್ಥಿಯೇ ಮಾತಾಡಬೇಕು" ಅಂದರು. ಅವಳಿಗಿನ್ನೂ 16 ವರ್ಷ, ನಾನು ಅವಳ ತಾಯಿ, ಫಾರಂಗೆ ಸಹಿ ಹಾಕಿದವಳೇ ನಾನು ಅಂದೆ. ಆದರೂ ಆಗಲ್ಲವಂತೆ. 1974ರ ಒಂದು ಕಾನೂನಿದೆ, ಚಿಕ್ಕದಾಗಿ ಫೆರ್ಪಾ ಅಂತಾರೆ. ಅದರ ಪ್ರಕಾರ ಕಾಲೇಜಿಗೆ ಸೇರಿದ ಕೂಡಲೇ ಆ ದಾಖಲೆಯ ಹಕ್ಕು ಮಗುವಿನದ್ದು, ವಯಸ್ಸು ಎಷ್ಟೇ ಇರಲಿ. ಹೈಸ್ಕೂಲಿಗೆ ಬಂದು ಸೇರುವ ಗ್ರೇಡನ್ನು ಹೈಸ್ಕೂಲಿನಲ್ಲಿ ನೋಡಬಹುದು, ಕಾಲೇಜಿನವರು ನಮಗೆ ಕೊಡಲೇಬೇಕು ಅಂತಿಲ್ಲ. ಆಫೀಸಿನವರದ್ದು ತಪ್ಪಿಲ್ಲ. ಆದರೆ 149 ಡಾಲರ್ ತಗೊಂಡವರು ಇದೊಂದು ಸ್ಲೈಡ್ ಹಾಕಬಹುದಿತ್ತು.

ಕೊನೆಗೆ ಮಗಳೇ ಪ್ರೊಫೆಸರಿಗೆ ಇಮೇಲ್ ಬರೆದಳು. ನಾನು ತಿದ್ದಲು ಹೋದೆ, ಕೊಡಲಿಲ್ಲ. ಎರಡು ಸಲ ಅವರ ಆಫೀಸ್ ಅವರ್‌ಗೆ ಹೋದಳು. ಆಗಸ್ಟಿನಲ್ಲಿ ಬಿ ಬಂತು. ಪೋರ್ಟಲ್ ತೆರೆದು ಅವಳೇ ತೋರಿಸಿದಳು, ಎರಡೇ ಸೆಕೆಂಡು, ಆಮೇಲೆ ಲ್ಯಾಪ್‌ಟಾಪ್ ಮುಚ್ಚಿದಳು.

ಈ ವರ್ಷ ಅವಳು ಎರಡೇ ಎಪಿ ತಗೊಂಡಿದ್ದಾಳೆ, ಅಮೆರಿಕದ ಚರಿತ್ರೆ ಮತ್ತು ಕಂಪ್ಯೂಟರ್ ಸೈನ್ಸ್. ಪರೀಕ್ಷೆಗೆ ಒಂದಕ್ಕೆ 99 ಡಾಲರ್. ಪರೀಕ್ಷೆ ಮೇನಲ್ಲಾದರೂ ಹೆಸರು ಕೊಡುವುದು ನವೆಂಬರಿನಲ್ಲೇ. ತಡ ಮಾಡಿದರೆ ಇನ್ನೂ 40 ಸೇರುತ್ತೆ, ನೆನಪಿರಲಿ. ಓದಲು ಎಪಿ ಕ್ಲಾಸ್‌ರೂಮಿನ ವಿಡಿಯೋ ಪಾಠಗಳಿವೆ, ಪುಕ್ಕಟೆ, ಮಕ್ಕಳ ಲಾಗಿನ್ನಿನಲ್ಲಿ ತೆರೆಯುತ್ತವೆ. ಯಾವ ಕಾಲೇಜು ಯಾವ ಸ್ಕೋರಿಗೆ ಎಷ್ಟು ಕ್ರೆಡಿಟ್ ಕೊಡುತ್ತೆ ಅಂತ ಕಾಲೇಜ್ ಬೋರ್ಡ್‌ನ ಸೈಟಿನಲ್ಲೇ ಹುಡುಕಬಹುದು. ಕಾಲೇಜಿನ ಹೆಸರು ಹೊಡೆದರೆ ಪಟ್ಟಿ ಬರುತ್ತೆ. ಯುಸಿ 3 ಬಂದರೂ ಯೂನಿಟ್ ಕೊಡುತ್ತೆ. ಡಾರ್ಟ್‌ಮತ್‌ನಂಥ ಕಡೆ 5 ಬಂದರೂ ಡಿಗ್ರಿಗೆ ಕ್ರೆಡಿಟ್ ಇಲ್ಲ, ಮುಂದಿನ ಹಂತದ ಕ್ಲಾಸಿಗೆ ಕೂರಿಸಬಹುದು ಅಷ್ಟೇ. ಕಮ್ಯುನಿಟಿ ಕಾಲೇಜಿನ ಕೋರ್ಸು ಯುಸಿಯಲ್ಲಿ ಯಾವುದಕ್ಕೆ ಸಮ ಅಂತ ನೋಡಲು 'ಅಸಿಸ್ಟ್' ಅನ್ನೋ ಅಧಿಕೃತ ಸೈಟ್ ಇದೆ. ನೋಡಲು ಹಳೇ ಕಾಲದ ಥರ ಇದೆ, ಕೆಲಸಕ್ಕೆ ಮಾತ್ರ ಪಕ್ಕಾ.

ಹಾಗಾದರೆ ಆ ಕ್ಲಾಸಿಗೆ ಯಾರು ಹೋಗಬಹುದು? ನಿನ್ನೆ ಮೊನ್ನೆ ಈ ದೇಶಕ್ಕೆ ಬಂದು, ಮಗು ನೇರ ಒಂಬತ್ತನೇ ಕ್ಲಾಸಿಗೆ ಸೇರಿದ್ದರೆ, ಮೊದಲ 40 ನಿಮಿಷಕ್ಕೆ ಬೆಲೆ ಇದೆ. ಅದಕ್ಕೇ ಎರಡೂವರೆ ಸ್ಟಾರ್ ಉಳಿಸಿದ್ದೇನೆ. ಉಳಿದವರು ಮೊದಲು ಸ್ಕೂಲಿನ ಕೌನ್ಸೆಲರ್ ಹತ್ತಿರ ಟೈಮ್ ತಗೊಳ್ಳಿ. ಜೊತೆಗೆ ಮಗುವನ್ನೂ ಕರೆದುಕೊಂಡು ಹೋಗಿ, ನಾನು ಮೊದಲ ಸಲ ಬಿಟ್ಟು ಹೋಗಿದ್ದೆ.

ಅವರ ಪ್ರೀಮಿಯಂ ಪ್ಯಾಕೇಜಿನ 'ಕೊನೆಯ ಅವಕಾಶ' ಮೇಲ್ ಇನ್ನೂ ಬರುತ್ತಲೇ ಇದೆ. ಅನ್‌ಸಬ್‌ಸ್ಕ್ರೈಬ್ ಒತ್ತಿದ ಮೇಲೂ ಮೂರು ಬಂದಿವೆ.