ಫೈಬರ್ ಕಾವಿನ ಗಿರಣಿ ಸುತ್ತಿಗೆ: ಉಕ್ಕು ಚಿನ್ನ, ಕಾವು ಮಾತ್ರ ಬೇಡ

ಹಿಟ್ಟಿನ ಗಿರಣಿಯ ಕಲ್ಲು ಕುಟ್ಟುವ ಈ ಸುತ್ತಿಗೆಯ ಉಕ್ಕಿಗೆ ಐದಕ್ಕೆ ಐದು ಅಂಕ. ಕಾವಿಗೆ, ಅಂದರೆ ಹಿಡಿಗೆ, ಒಂದು. ತೂಕ, ಉದ್ದ, ಬಣ್ಣ ಎಲ್ಲ ಮಾರುವವರ ಪುಟದಲ್ಲೇ ಇದೆ, ನೀವು ನೋಡಿರುತ್ತೀರಿ. ಒಂದು ಮಧ್ಯಾಹ್ನ ಪೂರ್ತಿ ಕೂತು ಕಲ್ಲು ಕುಟ್ಟಿದರೆ ಕೈ ಏನಾಗುತ್ತದೆ ಅನ್ನೋದು ಅಲ್ಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು ಕಡೆಯ ಚಿಕ್ಕ ಹಿಟ್ಟಿನ ಗಿರಣಿ. ರಾಗಿ ಜಾಸ್ತಿ, ಆಮೇಲೆ ಗೋಧಿ, ಅಕ್ಕಿ. ಎಮರಿ ಕಲ್ಲು ಹಾಕಿದ್ದೇವೆ, ಅಂದರೆ ಗಟ್ಟಿ ಹರಳುಗಳನ್ನು ಗಾರೆಯಲ್ಲಿ ಸೇರಿಸಿ ಮಾಡಿದ ಬೀಸುವ ಕಲ್ಲು. ಗಿರಣಿ ಇಟ್ಟುಕೊಂಡವರಿಗೆ ಗೊತ್ತು, ಕಲ್ಲು ನುಣ್ಣಗಾದರೆ ಮೊದಲು ಹೇಳುವುದು ಹಿಟ್ಟು. ಚೀಲಕ್ಕೆ ಬೀಳುವಾಗ ಕೈಯೊಡ್ಡಿದರೆ ಸುಡುತ್ತದೆ. ರಾಗಿ ಹಿಟ್ಟಿಗೆ ಹೊತ್ತಿದ ವಾಸನೆ ಬರುತ್ತದೆ. ಮೋಟರ್ ಮುಲುಗುತ್ತದೆ, ಕರೆಂಟ್ ಬಿಲ್ಲು ಏರುತ್ತದೆ. ಆಗ ಕಲ್ಲು ಬಿಚ್ಚಿ, ಮುಖ ಮತ್ತೆ ಒರಟಾಗುವಂತೆ ಸುತ್ತಿಗೆಯಲ್ಲಿ ಕುಟ್ಟಲೇಬೇಕು. ಮೊದಲು ಊರೂರು ತಿರುಗಿ ಕಲ್ಲು ಕುಟ್ಟಿಕೊಡುವವರು ಬರುತ್ತಿದ್ದರು. ಈಗ ಅವರನ್ನು ಹುಡುಕಿ ಕರೆಸುವುದೇ ಒಂದು ಕೆಲಸ. ಹಾಗಾಗಿ ನಾವೇ ಕುಟ್ಟಿಕೊಳ್ಳುತ್ತೇವೆ, ನಾನು ಮತ್ತು ನನ್ನ ಹೆಂಡತಿ.

ಈ ಕೆಲಸ ನನಗೆ ತುಂಬ ಇಷ್ಟ. ಕಲ್ಲನ್ನು ಸರಪಳಿಯಲ್ಲಿ ಎತ್ತಿ, ಮುಖ ಮೇಲೆ ಮಾಡಿ ಗೋಣಿಚೀಲಗಳ ಮೇಲೆ ಮಲಗಿಸುತ್ತೇವೆ. ಪೊರಕೆಯಲ್ಲಿ ಹಿಟ್ಟು ಗುಡಿಸಿ, ಕಲ್ಲಿನಲ್ಲಿ ಕೆತ್ತಿದ ಗೆರೆಗಳನ್ನು ತಂತಿ ಬ್ರಷ್‌ನಲ್ಲಿ ಉಜ್ಜುತ್ತೇವೆ. ಆಮೇಲೆ ಜಾಜು, ಅಂದರೆ ಕೆಮ್ಮಣ್ಣು. ಬಟ್ಟಲಲ್ಲಿ ಜಾಜನ್ನು ನೀರಿಗೆ ತೆಳ್ಳಗೆ ಕಲಸಿ, ನೇರವಾದ ಮರದ ಪಟ್ಟಿಯ ಅಂಚಿಗೆ ಬಳಿದು, ಆ ಪಟ್ಟಿಯನ್ನು ಕಲ್ಲಿನ ಮೇಲೆ ಸುತ್ತಲೂ ಎಳೆಯುವುದು. ಕೆಂಪು ಹತ್ತಿದ ಕಡೆ ಕಲ್ಲು ಎತ್ತರ, ಹತ್ತದ ಕಡೆ ತಗ್ಗು. ಕೆಂಪು ಕಂಡಲ್ಲೇ ಕುಟ್ಟಬೇಕು. ಮತ್ತೆ ಬಳಿಯಬೇಕು, ಮತ್ತೆ ಕುಟ್ಟಬೇಕು. ಕೆಂಪು ಎಲ್ಲ ಕಡೆ ಸಮನಾಗಿ ಚುಕ್ಕಿ ಚುಕ್ಕಿಯಾಗಿ ಹತ್ತುವ ಹೊತ್ತಿಗೆ ಸಂಜೆಯಾಗಿರುತ್ತದೆ.

ಕುಟ್ಟುವುದಕ್ಕೆ ಬಲ ಬೇಡ. ಎಮರಿ ಹರಳು ಉಕ್ಕಿಗಿಂತ ಗಟ್ಟಿ, ಸುತ್ತಿಗೆ ಅದನ್ನು ಕತ್ತರಿಸಲಾರದು. ಹರಳನ್ನು ಹಿಡಿದಿರುವ ಗಾರೆಯನ್ನು ಕೆದಕುತ್ತದೆ ಅಷ್ಟೆ. ಸವೆದ ಹರಳು ಉದುರಿ ಅಡಿಯಿಂದ ಚೂಪಾದದ್ದು ಮೇಲೆ ಬರುತ್ತದೆ. ಸುತ್ತಿಗೆಯನ್ನು ಗೇಣುದ್ದ ಎತ್ತಿ ಬಿಟ್ಟರೆ ಸಾಕು, ಅದರ ತೂಕವೇ ಕೆಲಸ ಮಾಡುತ್ತದೆ. ಕೈ ಸುಮ್ನೆ ದಾರಿ ತೋರಿಸಬೇಕು. ಅದಕ್ಕೇ ಇಲ್ಲಿ ಕಾವು ಮುಖ್ಯ. ಒಂದೇ ಕೂರಿಕೆಯಲ್ಲಿ ಸಾವಿರಾರು ಸಲ ಬೀಳುವ ಏಟು ಅದು.

ಸುಮಾರು ಎರಡು ವರ್ಷದ ಹಿಂದೆ ಈ ಸುತ್ತಿಗೆ ತರಿಸಿದೆ. ಎರಡೂ ಕಡೆ ಉಳಿಯಂತೆ ಚೂಪು ಇರುವ ತಲೆ, ಫೈಬರ್ ಕಾವು, ಅದರ ಮೇಲೆ ದಪ್ಪ ರಬ್ಬರ್ ಹೊದಿಕೆ. ಸಾವಿರದ ಆಸುಪಾಸು ಆಯಿತು. ನಮ್ಮ ಸಂತೆಯಲ್ಲಿ ಸಿಗುವುದರ ಎರಡರಷ್ಟಕ್ಕಿಂತ ಹೆಚ್ಚು. ಉಕ್ಕು ನೋಡಿ ಖುಷಿಯಾಯಿತು. ಸಂತೆಯ ಸುತ್ತಿಗೆ ಅರ್ಧ ಕಲ್ಲಿಗೇ ಮೊಂಡಾಗುತ್ತಿತ್ತು, ಇದು ಎರಡೂ ಕಲ್ಲು ಮುಗಿಸಿ ಇನ್ನೂ ಕಚ್ಚುತ್ತಿತ್ತು. ಇಲ್ಲಿಯವರೆಗೆ ಸಂತೋಷವೇ.

ಕಷ್ಟ ಬಂದದ್ದು ಕಾವಿನಿಂದ. ಮೊದಲನೆಯದು, ಅದು ಗುಂಡಗಿದೆ. ಗುಂಡಗಿನ ಕಾವು ಅಂಗೈಯಲ್ಲಿ ತಿರುಗುತ್ತದೆ. ಕೆತ್ತುವ ಅಂಚು ಕಲ್ಲಿನ ಗೆರೆಗೆ ಸರಿಯಾಗಿ ಕೂರಬೇಕು, ಒಂಚೂರು ತಿರುಗಿದರೂ ಅಂಚಿನ ಒಂದು ಮೂಲೆ ಮಾತ್ರ ಬಡಿದು ಗುಳಿ ಬೀಳುತ್ತದೆ. ತಿರುಗದಂತೆ ಹಿಡಿಯಲು ಮುಷ್ಟಿ ಬಿಗಿ ಮಾಡಬೇಕು. ಮುಷ್ಟಿ ಬಿಗಿಯಾದರೆ ಏಟಿನ ಅದುರು ಪೂರ್ತಿ ಮಣಿಕಟ್ಟಿಗೆ, ಅಲ್ಲಿಂದ ಮೊಣಕೈಗೆ. ರಾತ್ರಿ ಊಟಕ್ಕೆ ಕೂತರೆ ಮುದ್ದೆ ಮುರಿಯಲೂ ಬೆರಳು ಒಪ್ಪುತ್ತಿರಲಿಲ್ಲ.

ಎರಡನೆಯದು ರಬ್ಬರ್. ಅಂಗಡಿಯಲ್ಲಿ ಮುಟ್ಟಿದರೆ ಮೆತ್ತಗೆ ಹಿತವಾಗಿರುತ್ತದೆ, ಅಲ್ವಾ? ಗಿರಣಿಯಲ್ಲಿ ಹಿಟ್ಟಿನ ಧೂಳು, ಬೆವರು, ಎಮರಿ ಪುಡಿ ಮೂರೂ ಸೇರುತ್ತವೆ. ಪುಡಿ ರಬ್ಬರಿನೊಳಗೆ ಹೂತು ಕೂರುತ್ತದೆ. ಒಂದು ತಿಂಗಳಲ್ಲಿ ಕಾವು ಮರಳು ಕಾಗದ ಆಯಿತು, ಹೆಬ್ಬೆರಳಿನ ಬುಡದಲ್ಲಿ ಚರ್ಮ ಎದ್ದುಹೋಯಿತು. ನಮ್ಮ ಕಡೆ ಎಲ್ಲರ ಕೈಯಲ್ಲೂ ಕೊಬ್ಬರಿ ಎಣ್ಣೆ ಜಿಡ್ಡು ಇದ್ದದ್ದೇ. ಅದು ತಾಗಿ ತಾಗಿ ರಬ್ಬರ್ ಊದಿಕೊಂಡು ಅಂಟಂಟಾಯಿತು.

ಮೂರನೆಯದು ದಪ್ಪ. ನನ್ನ ಹೆಂಡತಿ ಒಂದು ಸಲ ಹಿಡಿದು ಕೆಳಗಿಟ್ಟಳು. "ಬೆರಳು ಸುತ್ತಿ ಬರೋದೇ ಇಲ್ಲ ಕಣ್ರೀ, ಇದನ್ನ ಹಿಡ್ಕೊಂಡು ಹೆಂಗೆ ಕುಟ್ಲಿ?" ಅಂದಳು. ಕೆಲಸದಲ್ಲಿ ನನಗಿಂತ ಅವಳ ಕೈ ಚುರುಕು, ಗೆರೆ ನೇರ. ಅವಳ ಕೈಗೆ ಹೊಂದದ ಸುತ್ತಿಗೆ ನಮ್ಮ ಗಿರಣಿಗೆ ಅರ್ಧ ಸುತ್ತಿಗೆಯೇ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ಹೊಲದ ಉಪಕರಣಗಳಿಗೆಂದು ನಮ್ಮ ದೇಶದ ರೈತರು, ರೈತ ಮಹಿಳೆಯರು ಇಬ್ಬರ ಕೈಯಳತೆಯನ್ನೂ ರಾಜ್ಯ ರಾಜ್ಯ ಸುತ್ತಿ ಸಂಗ್ರಹಿಸಿ ಇಟ್ಟಿದ್ದಾರೆ. ಇಲ್ಲಿಯ ಕೈಗಳ ಅಳತೆ ಇರುವಾಗ ಇಲ್ಲಿ ಮಾರುವ ಸುತ್ತಿಗೆಯ ಕಾವು ಯಾಕೆ ಹೀಗಿರಬೇಕು?

ಇಷ್ಟೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಅಂಟು. ಎಂಥ ಉಕ್ಕಾದರೂ ಒಂದು ದಿನ ಮೊಂಡಾಗಲೇಬೇಕು. ಆಗ ಕಮ್ಮಾರರ ಹತ್ತಿರ ಒಯ್ದು, ಕುಲುಮೆಯಲ್ಲಿ ಕಾಯಿಸಿ, ಮೊನೆ ತಟ್ಟಿ ಎಳೆಸಿ, ನೀರಿಗೆ ಅದ್ದಿ ಹದ ಮಾಡಿಸಬೇಕು. ಬರೀ ಸಾಣೆ ಹಿಡಿದರೆ ಮೊನೆ ಸಣ್ಣಗಾಗುತ್ತಾ ಹೋಗುತ್ತದೆ, ಉಜ್ಜುವ ಬಿಸಿಗೆ ಹದವೂ ಹೋಗುತ್ತದೆ. ಇದರ ಕಾವನ್ನು ಎಪಾಕ್ಸಿ ಅಂಟು ಹಾಕಿ ತಲೆಗೆ ಬೆಸೆದುಬಿಟ್ಟಿದ್ದಾರೆ. ಬಿಚ್ಚಲು ಬರುವುದಿಲ್ಲ. ಕಮ್ಮಾರರು ತಿರುಗಿಸಿ ನೋಡಿ, "ಈ ಪ್ಲಾಸ್ಟಿಕ್ ಸಮೇತ ಬೆಂಕಿಗೆ ಹೆಂಗಣ್ಣ ಹಾಕ್ಲಿ?" ಅಂತ ವಾಪಸ್ ಕೊಟ್ಟರು. ಮಾರಿದವರಿಗೆ ಫೋನ್ ಮಾಡಿದರೆ ಬಿಡಿ ಕಾವು ಕೊಡುವುದಿಲ್ಲ, ಹೊಸದು ಕೊಳ್ಳಿ ಅಂದರು. ಇಷ್ಟು ಒಳ್ಳೆಯ ಉಕ್ಕನ್ನು ಒಂದೇ ಮೊನೆಯ ಆಯುಸ್ಸಿಗೆ ಕಟ್ಟಿಹಾಕಿದ್ದಾರೆ. ಅವತ್ತು ನನಗೆ ನಿಜವಾಗಿ ಸಿಟ್ಟು ಬಂತು.

ಇಂಗ್ಲೆಂಡಿನ ಹಳೆಯ ಗಿರಣಿಗಳಲ್ಲಿ ಇದಕ್ಕೆ ಎರಡು ಬಿಡಿ ಭಾಗ ಇರುತ್ತಿದ್ದವು. ಮಿಲ್ ಬಿಲ್ ಅಂದರೆ ಎರಡೂ ತುದಿ ಹರಿತವಾದ ಉಕ್ಕಿನ ತುಂಡು. ಥ್ರಿಫ್ಟ್ ಅಂದರೆ ಮರದ ಕಾವು. ತೂತು ಇರುವುದು ಮರದಲ್ಲಿ, ಉಕ್ಕನ್ನು ಅದರೊಳಗೆ ಸಿಕ್ಕಿಸುವುದು. ಮೊಂಡಾದರೆ ಉಕ್ಕನ್ನು ಮಾತ್ರ ಕಳಚಿ ಇನ್ನೊಂದನ್ನು ಹಾಕಿಕೊಂಡು ಕೆಲಸ ಮುಂದುವರಿಸುತ್ತಿದ್ದರು. ಕೈಗೆ ಒಗ್ಗಿದ ಕಾವು ಬದಲಾಗುತ್ತಿರಲಿಲ್ಲ. ಹೊಟ್ಟು ತುಂಬಿದ ಚೀಲದ ಮೇಲೆ ಮೊಣಕೈ ಊರಿ, ಒರಗಿಕೊಂಡು ಕುಟ್ಟುತ್ತಿದ್ದರು. ಈ ಚೀಲದ ಉಪಾಯ ನಾವೂ ಮಾಡುತ್ತೇವೆ, ಗೋಧಿ ಬೂಸಾ ಹಾಕಿ. ಭುಜಕ್ಕೆ ಎಷ್ಟೋ ಆರಾಮ.

ನಮ್ಮಲ್ಲೂ ಪಿಕಾಸಿ ಕಾವು ಹೀಗೇ ತಾನೆ? ಬೆಣೆ ಇಲ್ಲ, ಅಂಟು ಇಲ್ಲ. ಕಾವಿನ ಬುಡದಿಂದ ತಲೆಯನ್ನು ತೂರಿಸಿದರೆ ಮೇಲಿನ ದಪ್ಪ ತುದಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ಬೀಸಿದಷ್ಟೂ ಬಿಗಿ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ನಮ್ಮೂರಿನ ಮರಗೆಲಸದ ಆಚಾರ್ರ ಹತ್ತಿರ ಹೋದೆ. ಫೈಬರ್ ಕಾವನ್ನು ಗರಗಸದಲ್ಲಿ ಕೊಯ್ದು, ತೂತಿನಲ್ಲಿ ಉಳಿದ ಅಂಟನ್ನು ಡ್ರಿಲ್ ಹಾಕಿ ಕೆರೆದು ತೆಗೆದೆವು. ಒಳಗೆ ನೋಡಿದರೆ ಆಶ್ಚರ್ಯ. ತೂತು ಕೋಳಿಮೊಟ್ಟೆ ಆಕಾರಕ್ಕಿದೆ, ಕೆಳಗೆ ಕಿರಿದು, ಮೇಲೆ ಅಗಲ. ಪಿಕಾಸಿಗೆ ಇರುವಂಥದ್ದೇ. ತಲೆ ಮಾಡಿದವರಿಗೆ ಕಸುಬು ಗೊತ್ತಿತ್ತು ಅಂತ ಅನಿಸಿತು. ಅವರ ಮೇಲಿದ್ದ ಸಿಟ್ಟು ಅಲ್ಲೇ ಇಳಿಯಿತು.

ಆಚಾರ್ರು ತಡಸಲು ಮರ ಆರಿಸಿದರು. ದಿಂಡಿಗವೂ ಕಾವಿಗೆ ಹೆಸರಾದ ಮರವೇ, ಕೊಡಲಿಗೆ ಅದನ್ನೇ ಹಾಕುತ್ತಾರೆ. ಆದರೆ ಇಷ್ಟು ಹಗುರ ಏಟಿಗೆ ಬಳುಕುವ ತಡಸಲು ಸಾಕು ಅಂದರು. ನಾರು ತುದಿಯಿಂದ ಬುಡದವರೆಗೆ ನೇರ ಓಡಿರುವ ತುಂಡನ್ನೇ ತೆಗೆದುಕೊಂಡರು. ನಡುವೆ ನಾರು ಅಡ್ಡ ಹಾದರೆ ಅಲ್ಲೇ ಸೀಳುತ್ತದಂತೆ. ಕುತ್ತಿಗೆ ಸಣ್ಣ ಮಾಡಿದರು, ಬುಡದಲ್ಲಿ ಕಿರುಬೆರಳಿಗೆ ತಡೆ ಸಿಗುವಷ್ಟು ಉಬ್ಬು ಬಿಟ್ಟರು. ಆಕಾರ ಪೂರ್ತಿ ಮೊಟ್ಟೆಯದೇ. "ಸುತ್ತಿಗೆ ಯಾವ ಕಡೆ ಮುಖ ಮಾಡೈತೆ ಅಂತ ಕಣ್ಣು ನೋಡಬಾರದು ಅಣ್ಣ, ಕಾವೇ ಕೈಗೆ ಹೇಳ್ಬೇಕು" ಅಂದರು. ನಾನು ಕಣ್ಣು ಮುಚ್ಚಿ ಹಿಡಿದು ನೋಡಿದೆ. ನಿಜ, ಹೇಳುತ್ತದೆ.

ತಲೆಯ ತೂತು ದಾಟಬೇಕಾದ್ದರಿಂದ ಕಾವು ತೆಳ್ಳಗೇ ಇರಬೇಕು. ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯಾಶ್ (NIOSH) ಸಂಸ್ಥೆ 2004ರಲ್ಲಿ ತಂದ ಕೈಪಿಡಿಯಲ್ಲಿ, ಬಲ ಹಾಕಿ ಹಿಡಿಯುವ ಉಪಕರಣಕ್ಕೆ ಒಂದೂಕಾಲು ಇಂಚಿನಿಂದ ಎರಡು ಇಂಚು ದಪ್ಪ ಇರಲಿ ಅಂತಿದೆ. ನಮ್ಮದು ಸಡಿಲ ಹಿಡಿತದ ಕೆಲಸ, ಆದರೂ ನನ್ನ ಅಂಗೈಗೆ ಬರೀ ಮರ ಸ್ವಲ್ಪ ಸಣ್ಣದೇ. ಅದಕ್ಕೆ ಹತ್ತಿ ಲಾಡಿ ಸುತ್ತುತ್ತೇನೆ. ಬುಡದಿಂದ ಶುರು ಮಾಡಿ ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುವಂತೆ ಎಳೆದು ಸುತ್ತಿ, ತುದಿಯನ್ನು ಕೊನೆಯ ಸುತ್ತಿನಡಿ ತೂರಿಸಿ ಎಳೆದರೆ ಗಂಟೂ ಬೇಡ. ಬೆವರು ಹೀರುತ್ತದೆ, ಕೈ ಜಾರುವುದಿಲ್ಲ, ಪುಡಿ ಕೂತರೆ ಬಿಚ್ಚಿ ಒಗೆಯಬಹುದು. ಹೆಂಡತಿಗೆ ಇನ್ನೊಂದು ಕಾವು ಮಾಡಿಸಿದೆವು, ಇನ್ನೂ ಸಣ್ಣ, ಎರಡು ಬೆರಳು ಮೋಟು. ಅವಳಿಗೆ ಲಾಡಿ ಬೇಡ. ಬದಲಿಸುವುದು ಸುಲಭ. ಲಾಡಿ ಬಿಚ್ಚಿ, ಬುಡವನ್ನು ನೆಲಕ್ಕೆ ಎರಡು ಸಲ ಕುಟ್ಟಿದರೆ ತಲೆ ಕೆಳಕ್ಕೆ ಜಾರುತ್ತದೆ. ಅವಳ ಕಾವಿಗೆ ಹಾಕಿ, ತಲೆಕೆಳಗು ಮಾಡಿ ಕುಟ್ಟಿದರೆ ಬಿಗಿ. ಕಮ್ಮಾರರಿಗೆ ಈಗ ಬರೀ ತಲೆ ಕೊಡುತ್ತೇವೆ, ಅವರೂ ಖುಷಿ.

ಮರದ ಕಾವಿಗೂ ಕಾಟ ಇದೆ. ಬೇಸಿಗೆಯಲ್ಲಿ ಒಣಗಿ ತಲೆ ಸಡಿಲವಾಗುತ್ತದೆ. ನೀರಿನಲ್ಲಿ ನೆನೆಸಿಡಬೇಡಿ. ಉಬ್ಬಿ ಬಿಗಿಯಾದ ಹಾಗೆ ಕಾಣುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಕೊಬ್ಬರಿ ಎಣ್ಣೆ ಹಚ್ಚಿದರೆ ಜಿಡ್ಡಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಒಳಗಿಳಿದು ಗಟ್ಟಿಯಾಗುತ್ತದೆ, ತೆಳ್ಳಗೆ ಹಚ್ಚಿ ಒರೆಸಿಬಿಡಿ. ಇನ್ನು ಕಾವು ಯಾವುದೇ ಇರಲಿ, ಕಣ್ಣಿಗೆ ಕನ್ನಡಕ, ಮೂಗಿಗೆ ಒಳ್ಳೆಯ ಮಾಸ್ಕ್ ಇಲ್ಲದೆ ಕಲ್ಲು ಕುಟ್ಟಬೇಡಿ.

ಕೊಳ್ಳಬೇಕಾ? ಕಲ್ಲು ಒಡೆಯುವ ದೊಡ್ಡ ಸುತ್ತಿಗೆಗೆ ಫೈಬರ್ ಕಾವು ಒಳ್ಳೆಯದೇ, ಮಳೆಗೆ ನೆನೆದರೂ ಏನಾಗದು, ಗೆದ್ದಲು ಹಿಡಿಯದು. ಹಿಟ್ಟಿನ ಗಿರಣಿಗೆ ಆ ಕಾವು ಬೇಡ. ನಿಮ್ಮ ಹತ್ತಿರ ಆಚಾರ್ರು, ಕಮ್ಮಾರರು ಇಬ್ಬರೂ ಇದ್ದರೆ ಈ ಸುತ್ತಿಗೆ ತಗೊಳ್ಳಿ, ಕಾವಿಗೆ ಇನ್ನೊಂದಿಷ್ಟು ದುಡ್ಡು ಎತ್ತಿಡಿ. ನನಗೆ ಎರಡು ಕಾವಿಗೆ ಮುನ್ನೂರು ಬಿತ್ತು. ಅವರಿಬ್ಬರೂ ಇಲ್ಲದ ಊರಾದರೆ ಸಂತೆಯ ಸುತ್ತಿಗೆಯೇ ವಾಸಿ, ಅದರ ಬೆಣೆ ಕಿತ್ತು ಹೊಸ ಕಾವು ಹಾಕಬಹುದು.

ಮಾಡುವವರು ಇದನ್ನು ಓದಿದರೆ ಒಂದೇ ಕೋರಿಕೆ: ಅಂಟು ಹಾಕಬೇಡಿ, ಬರೀ ತಲೆಯನ್ನು ಮಾರಿ. ಆ ದಿನವೇ ಇನ್ನೆರಡು ತರಿಸುತ್ತೇನೆ. ಒಂದು ಕುಲುಮೆಯಲ್ಲಿದ್ದಾಗ ನಾವಿಬ್ಬರೂ ಒಂದೊಂದು ಕಲ್ಲು ಹಿಡಿದು ಕೂರಬಹುದು.